ಕಾಕಾನ ಪಟ್ಟಿಯಲ್ಲಿದ್ದ ಜಗಜ್ಜೆಟ್ಟಿಗಳು

ಮೊನ್ನೆ ಮೊಮ್ಮಗನಿಗೆ ಏಳು ತುಂಬಿತು. ಅವನ ಗೆಳೆಯರು ತಂದ ಉಡುಗೊರೆಗಳಲ್ಲಿ ಒಂದು ಬೆಲ್ಟು. ಪ್ಯಾಂಟಿಗೆ ಕಟ್ಟುವ ಬೆಲ್ಟಲ್ಲ, ಊಟದ ತಟ್ಟೆಯಷ್ಟು ದೊಡ್ಡ ಬಂಗಾರ ಬಣ್ಣದ ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿದ ಕುಸ್ತಿಯ ಬೆಲ್ಟು. ‘ವರ್ಲ್ಡ್ ಹೆವಿವೇಟ್ ಚಾಂಪಿಯನ್’ ಅಂತ ಅದರ ಮೇಲೆ ಅಕ್ಷರ. ಹೆಗಲ ಮೇಲೆ ಹಾಕಿಕೊಂಡು, ಸೋಫಾ ಹತ್ತಿ ನಿಂತು, “ಅಜ್ಜಾ, ನಾನು ವರ್ಲ್ಡ್ ಚಾಂಪಿಯನ್” ಅಂದ.

“ಯಾರನ್ನ ಸೋಲಿಸಿದಿ?” ಅಂತ ಕೇಳಿದೆ.

“ಯಾರನ್ನೂ ಇಲ್ಲ. ಇದು ಗಿಫ್ಟ್.”

ವೃತ್ತಿ ಕುಸ್ತಿಯ ನೂರಿಪ್ಪತ್ತು ವರ್ಷದ ಇತಿಹಾಸವನ್ನು ಇಷ್ಟು ಚಿಕ್ಕದಾಗಿ ಬೇರೆ ಯಾರೂ ಹೇಳಿರಲಿಕ್ಕಿಲ್ಲ! ನಗು ಬಂತು. ಆಮೇಲೆ ಕಾಕಾ ನೆನಪಾದ. ಕಾಕಾ ಇದ್ದಿದ್ದರೆ ಈ ಬೆಲ್ಟನ್ನು ಕೈಗೆ ತಗೊಂಡು ತಿರುಗಿಸಿ ನೋಡಿ, “ಇದನ್ನ ಕೊಟ್ಟಾಂವ ಯಾರಲೇ?” ಅಂತ ಮೊದಲು ಕೇಳುತ್ತಿದ್ದ. ಅವನ ಪ್ರಶ್ನೆ ಯಾವಾಗಲೂ ಅದೇ.

ನಾನು ಗೋಕಾಕ ಕಡೆಯಿಂದ ಮುಂಬೈಗೆ ಬಂದದ್ದು 1967ರಲ್ಲಿ. ಅಪ್ಪನ ತಮ್ಮ, ಅಂದರೆ ಕಾಕಾ, ಆಗಲೇ ಲಾಲಬಾಗಿನ ಒಂದು ಬಟ್ಟೆ ಗಿರಣಿಯಲ್ಲಿ ಹತ್ತು ವರ್ಷ ಕಳೆದಿದ್ದ. ಒಂದು ಚಾಳಿನ ಒಂದು ಖೋಲಿಯಲ್ಲಿ ಎಂಟು ಜನ. ಪಾಳಿಯ ಮೇಲೆ ದುಡಿಯುವವರು, ಪಾಳಿಯ ಮೇಲೆ ಮಲಗುವವರು. ನಾನು ಹಗಲು ಒಂದು ಕಚೇರಿಯಲ್ಲಿ ಕಾರಕೂನ, ಸಂಜೆ ಕಾಲೇಜು. ಕಾಕಾ ಊರಲ್ಲಿ ಗರಡಿಮನೆಯ ಹುಡುಗ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿಣ ಹಾಕಿ ಹದ ಮಾಡಿದ ಅಖಾಡದಲ್ಲಿ ಹೊರಳಿ ಬೆಳೆದವ. ಜಾತ್ರೆ ಕುಸ್ತಿಗಳಲ್ಲಿ ನಾಲ್ಕಾರು ಸಲ ತೆಂಗಿನಕಾಯಿ, ಒಂದು ಸಲ ರುಮಾಲು ಗೆದ್ದಿದ್ದ. ಕೊಲ್ಲಾಪುರದ ಖಾಸಬಾಗ್ ಮೈದಾನಕ್ಕೆ ನಡೆದುಕೊಂಡೇ ಹೋಗಿ ಕುಸ್ತಿ ನೋಡಿ ಬಂದೆ ಅಂತ ಹೇಳುತ್ತಿದ್ದ. ಗೋಕಾಕದಿಂದ ಕೊಲ್ಲಾಪುರಕ್ಕೆ ನಡೆದುಕೊಂಡು! ಅದನ್ನು ನಾನು ಅರ್ಧ ನಂಬಿದ್ದೆ.

ಗಿರಣಿಯ ಹತ್ತಿ ಧೂಳು ಎದೆಗೆ ಹೊಕ್ಕ ಮೇಲೆ ಅವನು ಅಖಾಡಕ್ಕೆ ಇಳಿಯಲಿಲ್ಲ. ಆದರೆ ನೋಡುವ ಚಟ ಬಿಡಲಿಲ್ಲ. ಆಗಿನ ಮುಂಬೈಯಲ್ಲಿ ‘ಫ್ರೀಸ್ಟೈಲ್’ ಕುಸ್ತಿಯ ಹುಚ್ಚು ಎಷ್ಟಿತ್ತು ಅಂತ ಈಗಿನವರಿಗೆ ಹೇಳಿದರೆ ತಿಳಿಯುವುದು ಕಷ್ಟ. ಗೋಡೆ ತುಂಬ ಪೋಸ್ಟರು. ದಾರಾ ಸಿಂಗ್, ಅವರ ತಮ್ಮ ರಂಧಾವಾ, ಬೆಟ್ಟದಂಥ ಕಿಂಗ್ ಕಾಂಗ್... ಕಿಂಗ್ ಕಾಂಗನ ನಿಜ ಹೆಸರು ಎಮಿಲ್ ಚಾಯಾ, ಹಂಗೇರಿ ಮೂಲದವ ಎಂಬುದೆಲ್ಲ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ನಂತರ. ನಮಗೆ ಅವನು ಕಿಂಗ್ ಕಾಂಗ್ ಅಷ್ಟೇ. ದಾರಾ ಸಿಂಗ್ 1954ರಲ್ಲೇ ರುಸ್ತುಂ-ಎ-ಹಿಂದ್ ಆಗಿದ್ದರು, ಅರವತ್ತರ ದಶಕದಲ್ಲಿ ಸಿನಿಮಾ ನಾಯಕರೂ ಆಗಿದ್ದರು. ‘ಫೌಲಾದ್’ ಬಂದದ್ದು 1963ರಲ್ಲಿ. ಕಾಕಾ ಅದನ್ನು ಎಷ್ಟು ಸಲ ನೋಡಿದ್ದನೋ ಲೆಕ್ಕ ಇಟ್ಟಿರಲಿಲ್ಲ. ಮುಮ್ತಾಜಳಿಗಾಗಿ ಅಲ್ಲ ಅಂತ ಅವನೇ ಹೇಳುತ್ತಿದ್ದ, ನಾವು ಕೇಳದಿದ್ದರೂ.

1968ರಲ್ಲಿ ಅಮೆರಿಕದ ಲೂ ಥೆಜ್ ಮುಂಬೈಗೆ ಬಂದ. ‘ವಿಶ್ವ ಚಾಂಪಿಯನ್ನಿನ ಜೊತೆ ದಾರಾ ಸಿಂಗ್’ ಅಂತ ಊರೆಲ್ಲ ಸುದ್ದಿ. ನನಗೆ ಪರೀಕ್ಷೆ ಇತ್ತು, ಜೇಬಲ್ಲಿ ದುಡ್ಡೂ ಇರಲಿಲ್ಲ, ಹೋಗಲಿಲ್ಲ. ಕಾಕಾ ಪಾಳಿ ಬದಲಿಸಿಕೊಂಡು, ಇನ್ನೊಬ್ಬರ ಹತ್ತಿರ ಸಾಲ ಮಾಡಿ, ಎಲ್ಲಕ್ಕಿಂತ ಅಗ್ಗದ ಟಿಕೆಟ್ ತಗೊಂಡು ಹೋದ. ಮಧ್ಯರಾತ್ರಿ ವಾಪಸು ಬಂದವನೇ ಲೈಟು ಹಾಕಿದ. ರಾತ್ರಿ ಪಾಳಿ ಇಲ್ಲದ ಐದು ಜನ ಮಲಗಿದ್ದೆವು. “ಏಳ್ರಲೇ, ಗೆದ್ದಾ!” ಅಂತ ಕೂಗಿದ. ಬೈಗುಳಗಳು ಮೂರು ಭಾಷೆಯಲ್ಲಿ ಬಂದವು. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ನನ್ನನ್ನು ಎಬ್ಬಿಸಿ ಚಾಪೆಯ ಮೇಲೆ ನಿಲ್ಲಿಸಿ, ನಾನು ಥೆಜ್, ಅವನು ದಾರಾ. ಹೀಗೆ ಹಿಡಿದ, ಹಾಗೆ ಎತ್ತಿದ, ಇಲ್ಲಿ ಕೆಡವಿದ ಅಂತ ತೋರಿಸುತ್ತ ನಿಜವಾಗಿಯೂ ಕೆಡವಿದ. ಎಡ ಭುಜ ಒಂದು ವಾರ ನೋಯುತ್ತಿತ್ತು. ಪರೀಕ್ಷೆ ಬರೆದದ್ದು ಬಲಗೈಯಲ್ಲಿ, ಪುಣ್ಯ.

“ಜಗತ್ತ ಗೆದ್ದ ನೋಡು ನಮ್ಮಾಂವ” ಅಂದ ಕಾಕಾ. ಮರುದಿನ ಬೆಳಿಗ್ಗೆ ಇರಾಣಿ ಹೋಟೆಲಿನಲ್ಲಿ ಖೋಲಿಯ ಎಂಟೂ ಜನರಿಗೆ ಬ್ರುನ್ ಮಸ್ಕಾ, ಚಹಾ ಕೊಡಿಸಿದ. ಅದೂ ಸಾಲದ್ದೇ.

ಅಲ್ಲಿಂದ ಮುಂದೆ ಕಾಕಾನ ಲೆಕ್ಕದಲ್ಲಿ ಜಗತ್ತಿನ ಪಟ್ಟ ದಾರಾ ಸಿಂಗ್ ಹತ್ತಿರ. ಯಾರೇ ಏನೇ ಹೇಳಲಿ. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಷ್ಕರ ಶುರುವಾಯಿತು, ಕಾಕಾನ ಗಿರಣಿ ಮತ್ತೆ ಅವನನ್ನು ಒಳಗೆ ಕರೆಯಲಿಲ್ಲ. ಒಂದು ಸೊಸೈಟಿಯ ವಾಚ್‌ಮನ್ ಆದ. 1987ರಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ ಬಂದಾಗ, ಹನುಮಂತ ತೆರೆಯ ಮೇಲೆ ಬಂದ ಕೂಡಲೇ ಕಾಕಾ ಮಾತ್ರ ಕೈ ಮುಗಿಯುತ್ತಿರಲಿಲ್ಲ. ಮೀಸೆ ತಿರುವುತ್ತಿದ್ದ. “ಇಂವ ಲೂ ಥೆಜ್‌ನ್ನ ಕೆಡವ್ಯಾನ” ಅಂತ ಪಕ್ಕದವರಿಗೆ ಹೇಳುತ್ತಿದ್ದ. ಪಕ್ಕದವರು ಕೈ ಮುಗಿದುಕೊಂಡೇ ‘ಹೌದಾ’ ಅನ್ನುತ್ತಿದ್ದರು.

ಈ ನಡುವೆ ನಾನು ಡೊಂಬಿವಲಿಗೆ ಬಂದು ನೆಲೆಸಿದೆ. ನನ್ನ ಮಗನ ಕಾಲ ಬಂತು. ತೊಂಬತ್ತರ ದಶಕ, ಕೇಬಲ್ ಟಿವಿ, ಡಬ್ಲ್ಯೂಡಬ್ಲ್ಯೂಎಫ್. ಆ ಟ್ರಂಪ್ ಕಾರ್ಡುಗಳು ನಿಮಗೂ ನೆನಪಿರಬಹುದು: ಎತ್ತರ, ತೂಕ, ಎದೆ, ತೋಳು, ರ್‍ಯಾಂಕ್. ಪಾಠದಲ್ಲಿ ಹದಿನಾರರ ಮಗ್ಗಿ ತಪ್ಪುತ್ತಿದ್ದ ಮಗನಿಗೆ ಯೊಕೊಝುನಾನ ತೂಕ ಪೌಂಡಿನಲ್ಲಿ ಬಾಯಿಪಾಠ. ಅಂಡರ್‌ಟೇಕರ್ ಸತ್ತು ಸತ್ತು ಏಳುತ್ತಾನೆ ಎಂದು ಇಡೀ ಕಟ್ಟಡದ ಮಕ್ಕಳು ನಂಬಿದ್ದರು. 1996ರಲ್ಲಿ ‘ಖಿಲಾಡಿಯೋಂ ಕಾ ಖಿಲಾಡಿ’ ಸಿನಿಮಾದಲ್ಲಿ ಅಕ್ಷಯ್ ಕುಮಾರ್ ಅಂಡರ್‌ಟೇಕರನನ್ನು ಎತ್ತಿ ಹಿಡಿದಾಗ ಥಿಯೇಟರಿನಲ್ಲಿ ಸೀಟಿ. ಅದು ಅಸಲಿ ಅಂಡರ್‌ಟೇಕರ್ ಅಲ್ಲ, ಬ್ರಯಾನ್ ಲೀ ಎಂಬ ಇನ್ನೊಬ್ಬ ಕುಸ್ತಿಪಟು ಅಂತ ಆಮೇಲೆ ಗೊತ್ತಾಯಿತು. ಮಗನಿಗೆ ಅದೇ ಮೊದಲ ಪೆಟ್ಟು ಅಂತ ಕಾಣುತ್ತದೆ. ಅಲ್ಲಿಂದ ಅವನು ಎಲ್ಲವನ್ನೂ ಕೆದಕಲು ಶುರು ಮಾಡಿದ.

ಕಾಕಾ ಮಾತ್ರ ಈ ಟಿವಿ ಕುಸ್ತಿಯನ್ನು ಎರಡು ನಿಮಿಷ ನೋಡಿ ಎದ್ದುಬಿಡುತ್ತಿದ್ದ. “ನೂರಾ ಕುಸ್ತಿ” ಅನ್ನುತ್ತಿದ್ದ. ಮುಂಬೈಯಲ್ಲಿ ಇದ್ದವರಿಗೆ ಈ ಮಾತು ಗೊತ್ತು. ಯಾರು ಗೆಲ್ಲಬೇಕು, ಯಾರು ಸೋಲಬೇಕು ಅಂತ ಮೊದಲೇ ಮಾತಾಡಿಕೊಂಡು ಆಡುವ ಕುಸ್ತಿಗೆ ಆ ಹೆಸರು. ಕುರ್ಚಿಯಿಂದ ಹೊಡೆಯುವುದು, ಎದುರಾಳಿಯ ಹೆಂಡತಿ ಬಂದು ಅಳುವುದು ಎಲ್ಲ ಅವನಿಗೆ ನಾಟಕ ಕಂಪನಿ. ನಾಟಕ ಕಂಪನಿಯೇ ವಾಸಿ, ಅಲ್ಲಿ ಹಾಡಾದರೂ ಇರುತ್ತದೆ ಅನ್ನುತ್ತಿದ್ದ.

2004ರ ಗಣೇಶ ಚೌತಿಗೆ ಕಾಕಾ, ಕಾಕು ನಮ್ಮನೆಗೆ ಬಂದಿದ್ದರು. ಊಟ ಮುಗಿದಿತ್ತು. ಕಾಕಾ ಹೊಟ್ಟೆ ತುಂಬ ಮೋದಕ ತಿಂದು ಎಂದಿನಂತೆ 1968ಕ್ಕೆ ಹೋದ. ಮಗ ಆಗ ಇಂಜಿನಿಯರಿಂಗ್ ಮುಗಿಸಿದ್ದ. ಕೋಣೆಗೆ ಹೋಗಿ ಎರಡು ಹಾಳೆ ತಂದ, ಕಂಪ್ಯೂಟರಿನಿಂದ ಪ್ರಿಂಟ್ ತೆಗೆದದ್ದು. ಅಮೆರಿಕದ ವಿಶ್ವ ಚಾಂಪಿಯನ್ನರ ಪಟ್ಟಿ. ಯಾವ ತಾರೀಖು, ಯಾವ ಊರು, ಯಾರನ್ನು ಯಾರು ಸೋಲಿಸಿದರು.

“ಅಜ್ಜಾ, 1968ರಲ್ಲಿ ಲೂ ಥೆಜ್ ಚಾಂಪಿಯನ್ನೇ ಆಗಿರಲಿಲ್ಲ. ನೋಡ್ರಿ ಇಲ್ಲಿ. ಅವನು 1966ರ ಜನವರಿಯಲ್ಲೇ ಜೀನ್ ಕಿನಿಸ್ಕಿ ಅನ್ನೋನಿಗೆ ಸೋತಿದ್ದ. 1969ರ ತನಕ ಪಟ್ಟ ಕಿನಿಸ್ಕಿ ಹತ್ರ. ದಾರಾ ಸಿಂಗ್ ಹೆಸರು ಇದರಲ್ಲಿ ಎಲ್ಲೂ ಇಲ್ಲ.”

ಹುಡುಗ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆ ವಯಸ್ಸೇ ಹಾಗೆ, ಸರಿಯಾದದ್ದು ಗೊತ್ತಾದರೆ ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲ. ತಪ್ಪು ನನ್ನದು. ನಾನು ನಕ್ಕೆ. ಅಷ್ಟೇ ಸಾಲದೆಂದು “ಕಾಕಾ, ಎಲ್ಲಾ ನೂರಾ ಕುಸ್ತಿನೇ ಬಿಡ್ರಿ” ಅಂದೆ.

ಕಾಕಾ ಕನ್ನಡಕ ಹಾಕಿಕೊಂಡು ಹಾಳೆ ನೋಡಿದ. ಇಂಗ್ಲಿಷ್ ಅವನಿಗೆ ಬರುತ್ತಿರಲಿಲ್ಲ. ಹಾಳೆಯನ್ನು ತಿರುವಿ ಹಿಂದೆಯೂ ನೋಡಿದ. “ಇದನ್ನ ಬರದಾಂವ ಯಾರು?” ಅಂತ ಕೇಳಿದ. ಅಮೆರಿಕದವರು ಅಂದ ಮಗ. “ಇದರಾಗ ಗಾಮಾನ ಹೆಸರು ಐತೇನು?”

ಇರಲಿಲ್ಲ.

“ಗಾಮಾನ ಹೆಸರಿಲ್ಲದ್ದು ಎಂಥಾ ಪಟ್ಟೀಲೇ ತಮ್ಮಾ?” ಅಂದವನೇ ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಹಾಕಿಕೊಂಡ. ಚಹಾ ಕುಡಿಯದೆ ಹೊರಟ. ಸ್ಟೇಷನ್ನಿಗೆ ಬಿಡಲು ಹೋದೆ, ಲೋಕಲ್ ಬರುವವರೆಗೂ ಮಾತಿಲ್ಲ. ಅದಾದ ಮೇಲೆ ಏಳೆಂಟು ತಿಂಗಳು ಫೋನೂ ಇಲ್ಲ. ನಾನು ಮಾಡಿದರೆ ಕಾಕು ಎತ್ತಿ, “ಅವರು ಮಲಗ್ಯಾರ” ಅನ್ನುತ್ತಿದ್ದಳು. ಬೆಳಗಿನ ಹತ್ತು ಗಂಟೆಗೆ.

ಊರು ಬಿಟ್ಟು ಬಂದಾಗ ನನಗೆ ಮಲಗಲು ಜಾಗ ಕೊಟ್ಟವನು, ಮೊದಲ ವರ್ಷದ ಕಾಲೇಜು ಫೀ ಕಟ್ಟಿದವನು. ನಾನು ಅವನನ್ನು ಮಗನ ಮುಂದೆ ನಕ್ಕು ಸಣ್ಣವನನ್ನಾಗಿ ಮಾಡಿಬಿಟ್ಟಿದ್ದೆ. ಕ್ಷಮೆ ಕೇಳುವುದು ನಮ್ಮ ಮನೆತನದಲ್ಲಿ ಯಾರಿಗೂ ಬರುವುದಿಲ್ಲ. ಹಾಗಾಗಿ ನಾನು ಓದಲು ಶುರು ಮಾಡಿದೆ. ಗಾಮಾನ ಹೆಸರು ಯಾಕಿಲ್ಲ?

ಮೊದಲಿಂದ ಹೇಳುತ್ತೇನೆ. ಈ ಪಟ್ಟದ ವಂಶಾವಳಿ ಸಾಮಾನ್ಯವಾಗಿ ಜಾರ್ಜ್ ಹ್ಯಾಕನ್‌ಸ್ಮಿತ್ ಎಂಬವನಿಂದ ಶುರುವಾಗುತ್ತದೆ. ಈಗಿನ ಎಸ್ಟೋನಿಯಾದಲ್ಲಿ ಹುಟ್ಟಿದವ, ಆಗ ಅದು ರಷ್ಯಾ ಸಾಮ್ರಾಜ್ಯ. 1905ರ ಮೇ 4ರಂದು ನ್ಯೂಯಾರ್ಕಿನಲ್ಲಿ ಟಾಮ್ ಜೆಂಕಿನ್ಸನನ್ನು ಸೋಲಿಸಿ ವಿಶ್ವ ಚಾಂಪಿಯನ್ ಅನ್ನಿಸಿಕೊಂಡ. 1908ರ ಏಪ್ರಿಲ್‌ನಲ್ಲಿ ಶಿಕಾಗೋದಲ್ಲಿ ಅಯೋವಾದ ರೈತನ ಮಗ ಫ್ರಾಂಕ್ ಗಾಚ್ ಎರಡು ಗಂಟೆಗೂ ಹೆಚ್ಚು ಹೊತ್ತು ಸೆಣಸಿ ಅವನಿಂದ ಪಟ್ಟ ಕಿತ್ತುಕೊಂಡ. ಗಾಚ್ ಮೈಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ, ಜಾರುತ್ತಿದ್ದ ಅಂತ ಹ್ಯಾಕನ್‌ಸ್ಮಿತ್ ಆಮೇಲೆ ದೂರಿದ. (ನಮ್ಮ ಜಾತ್ರೆ ಕುಸ್ತಿಯಲ್ಲೂ ಸೋತವನ ದೂರು ಇದೇ.) 1911ರಲ್ಲಿ ಮತ್ತೆ ಸೆಣಸಿದಾಗಲೂ ಗಾಚ್‌ನೇ ಗೆದ್ದ.

ಈ ಎರಡು ಕುಸ್ತಿಗಳ ನಡುವೆ, 1910ರಲ್ಲಿ, ನಮ್ಮ ಗಾಮಾ ಲಂಡನ್ನಿಗೆ ಹೋದ. ಅಮೃತಸರದ ಕಡೆಯವನು, ಎತ್ತರ ಐದಡಿ ಏಳಂಗುಲದ ಆಸುಪಾಸು. ಅಮೆರಿಕದ ಡಾಕ್ಟರ್ ಬೆಂಜಮಿನ್ ರೋಲರ್‌ನನ್ನು ಕೆಡವಿದ. ಸೆಪ್ಟೆಂಬರ್ 10ಕ್ಕೆ ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೋ ಜೊತೆ ‘ಜಾನ್ ಬುಲ್’ ಬೆಲ್ಟಿಗಾಗಿ ಕುಸ್ತಿ. ಜಾನ್ ಬುಲ್ ಅಂದರೆ ಒಂದು ಇಂಗ್ಲಿಷ್ ಪತ್ರಿಕೆ, ಬೆಲ್ಟ್ ಅದರದ್ದು. ಜಿಬಿಸ್ಕೋ ಏನು ಮಾಡಿದ? ಸ್ವಲ್ಪ ಹೊತ್ತಿನಲ್ಲೇ ಬೋರಲಾಗಿ ಮಲಗಿಬಿಟ್ಟ. ಎದೆ, ಹೊಟ್ಟೆ ಚಾಪೆಗೆ ಅಂಟಿಸಿಕೊಂಡು ಎರಡೂವರೆ ಗಂಟೆಗೂ ಹೆಚ್ಚು ಹೊತ್ತು. ನೂರಕ್ಕೂ ಹೆಚ್ಚು ಕಿಲೋ ತೂಕದ ಆಳನ್ನು ಮಗುಚಿ ಹಾಕಲು ಗಾಮಾನಿಂದ ಆಗಲಿಲ್ಲ. ಕುಸ್ತಿ ಸಮ ಎಂದು ಸಾರಿದರು. ಒಂದು ವಾರ ಬಿಟ್ಟು 17ನೇ ತಾರೀಖು ಮತ್ತೆ ಹಿಡಿಯಬೇಕಿತ್ತು. ಗಾಮಾ ಬಂದ, ಜಿಬಿಸ್ಕೋ ಬರಲಿಲ್ಲ. ಬೆಲ್ಟು ಗಾಮಾನಿಗೆ ಬಂತು.

ಗಾಚ್‌ಗೂ ಹ್ಯಾಕನ್‌ಸ್ಮಿತ್‌ಗೂ ಗಾಮಾನ ಸವಾಲು ಹೋಗಿತ್ತು. ಇಬ್ಬರೂ ಅವನೊಂದಿಗೆ ಕೈ ಹಿಡಿಯಲಿಲ್ಲ. ಅಮೆರಿಕದ ಪಟ್ಟ ಅಮೆರಿಕದ್ದಾಗಿಯೇ ಮುಂದುವರಿಯಿತು, ಲಂಡನ್ನಿನ ಬೆಲ್ಟು ಇನ್ನೊಂದು ಕಥೆಯಾಗಿ ನಿಂತಿತು. ಪಟ್ಟಿ ಬರೆದವರು ಅಮೆರಿಕದವರು. ಕಾಕಾ ಕೇಳಿದ್ದು ಸರಿಯಾದ ಪ್ರಶ್ನೆಯೇ ಆಗಿತ್ತು, ಹೆಬ್ಬೆಟ್ಟಿನ ಮೊಂಡುವಾದ ಅಂತ ನಾನು ಅಂದುಕೊಂಡದ್ದೇ ತಪ್ಪು.

ಆದರೆ ನನಗೆ ಅಂದು ರಾತ್ರಿ ನಿದ್ದೆ ಬಿಡಿಸಿದ್ದು ಬೇರೆ. ಅಮೆರಿಕದ ಪಟ್ಟಿಯಲ್ಲಿ ಗಾಮಾ ಇಲ್ಲ, ಆದರೆ ಜಿಬಿಸ್ಕೋ ಇದ್ದಾನೆ! ಒಂದಲ್ಲ, ಎರಡು ಸಲ.

ಮೊದಲ ಸಲ 1921ರ ಮೇ ತಿಂಗಳಲ್ಲಿ ಎಡ್ ‘ಸ್ಟ್ರ್ಯಾಂಗ್ಲರ್’ ಲೂಯಿಸ್‌ನನ್ನು ಸೋಲಿಸಿ. ಮರುವರ್ಷ ಲೂಯಿಸ್‌ಗೇ ವಾಪಸು ಕೊಟ್ಟ. ಕೊಟ್ಟ ಅಂತಲೇ ಹೇಳಬೇಕು, ಯಾಕೆಂದರೆ ಅಷ್ಟರಲ್ಲಿ ಈ ವಿಶ್ವ ಪಟ್ಟ ಪೂರ್ತಿ ವ್ಯಾಪಾರವಾಗಿತ್ತು. ಲೂಯಿಸ್, ಅವನ ಮ್ಯಾನೇಜರ್ ಬಿಲ್ಲಿ ಸ್ಯಾಂಡೋ, ಟೂಟ್ಸ್ ಮಾಂಟ್ ಎಂಬ ಇನ್ನೊಬ್ಬ, ಈ ಮೂವರ ಕೂಟಕ್ಕೆ ‘ಗೋಲ್ಡ್ ಡಸ್ಟ್ ಟ್ರಯೋ’ ಅಂತ ಹೆಸರು. ಯಾರು ಯಾವ ಊರಲ್ಲಿ ಗೆಲ್ಲಬೇಕು ಅಂತ ಕಾಗದದ ಮೇಲೆ ಮೊದಲೇ ಬರೆಯುವವರು ಇವರು. ಲೂಯಿಸ್ ನಿಜವಾಗಿಯೂ ದೊಡ್ಡ ಜಟ್ಟಿ, ಆದರೆ ಎಲ್ಲರನ್ನೂ ಸೋಲಿಸಿ ಮುಗಿಸಿದ್ದ. ಜನ ಟಿಕೆಟ್ ತಗೊಳ್ಳುವುದು ಕಡಿಮೆಯಾಯಿತು. ಆಗ ಇವರಿಗೆ ಒಂದು ಬುದ್ಧಿ ಹೊಳೆಯಿತು. ನೆಬ್ರಾಸ್ಕಾದ ಫುಟ್‌ಬಾಲ್ ಆಟಗಾರ ವೇಯ್ನ್ ಮನ್, ಆರೂವರೆ ಅಡಿ ಎತ್ತರ, ನೋಡಲು ರಾಜಕುಮಾರ. ಕುಸ್ತಿ ಮಾತ್ರ ಅಷ್ಟಕ್ಕಷ್ಟೇ. 1925ರ ಜನವರಿ 8ರಂದು ಕ್ಯಾನ್ಸಸ್ ಸಿಟಿಯಲ್ಲಿ ಲೂಯಿಸ್ ಅವನಿಗೆ ಸೋತು ಪಟ್ಟ ಕೊಟ್ಟ. ಲೆಕ್ಕಾಚಾರ ಏನೆಂದರೆ, ಮನ್ ಊರೂರು ಸುತ್ತಿ ಜನ ಸೇರಿಸಬೇಕು, ಆಮೇಲೆ ಲೂಯಿಸ್ ದೊಡ್ಡ ಗೇಟು ಮಾಡಿ ವಾಪಸು ಪಡೆಯಬೇಕು.

ಈ ಸುತ್ತಾಟದಲ್ಲಿ ಮನ್‌ಗೆ ಸೋಲಲು ಒಪ್ಪಿಕೊಂಡವರಲ್ಲಿ ಜಿಬಿಸ್ಕೋ ಒಬ್ಬ. ನಲವತ್ತೈದು ದಾಟಿದ್ದ ಮುದುಕ, ಒಂದು ಸಲ ಹೇಳಿದ ಹಾಗೆ ಸೋತೂ ತೋರಿಸಿದ್ದ. ಏಪ್ರಿಲ್ 15ಕ್ಕೆ ಫಿಲಡೆಲ್ಫಿಯಾದಲ್ಲಿ ಮತ್ತೆ ಸೋಲಬೇಕಿತ್ತು. ಅಷ್ಟರಲ್ಲಿ ಎದುರು ಪಾರ್ಟಿಯ ಪ್ರಮೋಟರುಗಳು ಜಿಬಿಸ್ಕೋನ ಜೊತೆ ಒಳಗೊಳಗೇ ಮಾತಾಡಿ ಮುಗಿಸಿದ್ದರು. ಗಂಟೆ ಬಾರಿಸಿದ ಮೇಲೆ ಜಿಬಿಸ್ಕೋ ನಾಟಕ ಬಿಟ್ಟ. ನಿಜವಾದ ಕುಸ್ತಿ ಹಿಡಿದ. ಪಾಪ, ಮನ್‌ಗೆ ಏನಾಗುತ್ತಿದೆ ಅಂತಲೇ ತಿಳಿಯಲಿಲ್ಲ. ಬೆನ್ನು ಚಾಪೆಗೆ ತಾಗಿಸಿ ತಾಗಿಸಿ ಒತ್ತಿ ಹಿಡಿದ, ರೆಫರಿಗೆ ಎಣಿಸದೆ ದಾರಿ ಉಳಿಯಲಿಲ್ಲ. ಸಾವಿರಾರು ಜನರ ಮುಂದೆ ಪಟ್ಟ ಕೈ ಬದಲಾಯಿತು. ಕೂಟದವರು ಯಾರ ಹತ್ತಿರ ಹೋಗಿ ದೂರಬೇಕು? ‘ನಾವು ಮಾತಾಡಿಕೊಂಡದ್ದು ಬೇರೆ, ಇವನು ನಿಜವಾಗಿ ಗೆದ್ದುಬಿಟ್ಟ’ ಅಂತಲೇ? ಮೇ 30ಕ್ಕೆ ಸೇಂಟ್ ಲೂಯಿಸ್‌ನಲ್ಲಿ ಜಿಬಿಸ್ಕೋ ಆ ಪಟ್ಟವನ್ನು ಎದುರು ಪಾರ್ಟಿಯ ಜೋ ಸ್ಟೆಚರ್‌ಗೆ ಒಪ್ಪಿಸಿ ತನ್ನ ದುಡ್ಡು ತಗೊಂಡು ನಡೆದ.

ಎಷ್ಟು ದಿನ ಯೋಚಿಸಿದರೂ ನನಗೆ ಇದು ವಿಚಿತ್ರವಾಗಿಯೇ ಕಾಣುತ್ತದೆ. ಆ ಇಡೀ ಕಾಲದ ಪಟ್ಟಿಯಲ್ಲಿ ಖಂಡಿತ ಅಸಲಿ ಅನ್ನಬಹುದಾದ ಗೆಲುವು ಇದು, ಅದೇ ಮೋಸ!

ಈಗ ಕೇಳಿ. ಇದಾಗಿ ಮೂರು ವರ್ಷ ತುಂಬುವುದರೊಳಗೆ, 1928ರ ಜನವರಿಯಲ್ಲಿ, ಅದೇ ಜಿಬಿಸ್ಕೋ ಹಡಗು ಹತ್ತಿ ಪಟಿಯಾಲಾಕ್ಕೆ ಬಂದ. ಹದಿನೆಂಟು ವರ್ಷದ ಹಿಂದೆ ಲಂಡನ್ನಿನಲ್ಲಿ ಉಳಿದುಹೋದ ಲೆಕ್ಕ. ಮಹಾರಾಜರ ಸಮ್ಮುಖದಲ್ಲಿ ಕುಸ್ತಿ. ಈ ಸಲ ಬೋರಲು ಮಲಗಲು ಸಮಯವೇ ಸಿಗಲಿಲ್ಲ, ಒಂದು ನಿಮಿಷ ತುಂಬುವ ಮೊದಲೇ ಗಾಮಾ ಅವನನ್ನು ಚಿತ್ ಮಾಡಿದ. ಇಬ್ಬರಿಗೂ ಐವತ್ತರ ಆಸುಪಾಸು ವಯಸ್ಸು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ನಾನೂ ಪೋಸ್ಟರು ಬರೆದಂತೆ ಆದೀತು.

ಕಾಕಾನಿಗೆ ಇದನ್ನು ಹೇಳಲು ಲಾಲಬಾಗಿಗೆ ಹೋದೆ. 2005ರ ಮೇ ತಿಂಗಳು, ಕೈಯಲ್ಲಿ ಒಂದು ಡಜನ್ ಹಾಪೂಸು ಮಾವಿನಹಣ್ಣು. ಮಾವಿನಹಣ್ಣು ನೋಡಿ ಕಾಕು ಬಾಗಿಲು ತೆರೆದಳು, ಕಾಕಾ ತೆರೆಯುತ್ತಿರಲಿಲ್ಲವೇನೋ. ಅವನು ಗೋಡೆಗೆ ಒರಗಿ ಕೂತು ಎಲೆ ಅಡಿಕೆ ಹಾಕುತ್ತಿದ್ದ. ನಾನು ಪೀಠಿಕೆ ಇಲ್ಲದೆ ಜಿಬಿಸ್ಕೋನ ಕಥೆ ಶುರು ಮಾಡಿದೆ. ಫಿಲಡೆಲ್ಫಿಯಾಕ್ಕೆ ಬರುವಷ್ಟರಲ್ಲಿ ಅಗಿಯುವುದು ನಿಲ್ಲಿಸಿದ. ಪಟಿಯಾಲಾ ಮುಗಿದಾಗ ಎದ್ದು ಹೋಗಿ ಉಗುಳಿ ಬಂದು, “ಹಂಗಾರ ಅವರ ಚಾಂಪಿಯನ್ನನ್ನ ಗಾಮಾ ಒಂದ ನಿಮಿಷದಾಗ ಕೆಡವ್ಯಾನ” ಅಂದ. “ಹೌದ್ರಿ ಕಾಕಾ, ಮಾಜಿ ಚಾಂಪಿಯನ್” ಅಂದೆ. “ಮಾಜಿ ಅಂದ್ರ ಏನು? ಥೆಜ್‌ನೂ ಮಾಜಿ ಅಂತ ನಿನ್ನ ಮಗಾನ ಅಂದಾನಲ್ಲ. ಮಾಜಿ ಆದ್ರ ಮೈಯಾಗಿನ ಕಸುವು ಎಲ್ಲಿ ಹೋಗ್ತೈತಿ?”

ಕಾಕು ಹಣ್ಣು ಹೆಚ್ಚಿ ತಂದಳು. ಸಿಟ್ಟು ಅಲ್ಲಿಗೆ ಮುಗಿಯಿತು ಅಂತ ತಿಳಿದೆ.

ಅವನು ಥೆಜ್ ಬಗ್ಗೆ ಕೇಳಿದ. ಹೇಳಿದೆ. ಸೇಂಟ್ ಲೂಯಿಸ್‌ನ ಒಬ್ಬ ಹಂಗೇರಿ ಮೂಲದ ಚಮ್ಮಾರನ ಮಗ. 1937ರ ಕೊನೆಯಲ್ಲಿ, 21ರ ವಯಸ್ಸಿಗೆ, ಮೊದಲ ಸಲ ವಿಶ್ವ ಪಟ್ಟ ಗೆದ್ದ. ಅವನಿಗೆ ವಿದ್ಯೆ ಕಲಿಸಿದವರಲ್ಲಿ ಅದೇ ಲೂಯಿಸ್ ಒಬ್ಬ. 1925ರ ಫಿಲಡೆಲ್ಫಿಯಾ ಪ್ರಮೋಟರುಗಳಿಗೆ ಒಂದು ಪಾಠ ಕಲಿಸಿತ್ತು: ಪಟ್ಟ ಯಾರಿಗೆ ಕೊಟ್ಟರೂ, ಅವನು ಬೇಕಾದರೆ ನಿಜವಾಗಿಯೂ ಹಿಡಿಯಬಲ್ಲವನಾಗಿರಬೇಕು, ಕಾಲು ಮುರಿಯಬಲ್ಲವನಾಗಿರಬೇಕು, ಇಲ್ಲದಿದ್ದರೆ ಯಾವನಾದರೂ ಕಿತ್ತುಕೊಂಡು ಹೋಗುತ್ತಾನೆ. ಥೆಜ್ ಅಂಥವನು. ಅಮೆರಿಕದ ಪ್ರಾಂತ್ಯ ಪ್ರಾಂತ್ಯದ ಪ್ರಮೋಟರುಗಳು 1948ರಲ್ಲಿ ಅಯೋವಾದಲ್ಲಿ ಸೇರಿ ಎನ್‌ಡಬ್ಲ್ಯೂಎ ಎಂಬ ಒಕ್ಕೂಟ ಕಟ್ಟಿದರು. ಎಲ್ಲರಿಗೂ ಸೇರಿ ಒಬ್ಬನೇ ಚಾಂಪಿಯನ್. ಮೊದಲನೆಯವ ಆರ್ವಿಲ್ ಬ್ರೌನ್. 1949ರ ನವೆಂಬರ್‌ನಲ್ಲಿ ಥೆಜ್ ಜೊತೆ ಅವನ ಕುಸ್ತಿ ಗೊತ್ತಾಗಿತ್ತು, ಅದಕ್ಕೆ ಮೂರು ವಾರ ಮೊದಲು ಕಾರು ಅಪಘಾತದಲ್ಲಿ ಅವನ ಕುಸ್ತಿ ಬದುಕೇ ಮುಗಿಯಿತು. ಪಟ್ಟ ಥೆಜ್‌ಗೆ ಬಂತು, 1956ರ ತನಕ ಅವನ ಬಳಿಯೇ ಇತ್ತು.

ಚಾಂಪಿಯನ್ನನ ಕೆಲಸ ಏನು ಅಂದರೆ, ಪ್ರತಿ ಊರಿಗೆ ಹೋಗಿ ಅಲ್ಲಿಯ ಊರ ಪೈಲವಾನನ ಜೊತೆ ಒಂದು ಗಂಟೆ ಸೆಣಸಿ, ಅವನು ಇನ್ನೇನು ಗೆದ್ದೇಬಿಟ್ಟ ಅನ್ನುವಂತೆ ಮಾಡಿ, ಪಟ್ಟ ಮಾತ್ರ ಉಳಿಸಿಕೊಂಡು ಮುಂದಿನ ಊರಿಗೆ ಹೋಗುವುದು. ಊರವರಿಗೆ ತಮ್ಮ ಹುಡುಗ ವಿಶ್ವ ಚಾಂಪಿಯನ್ನನ ಸಮ ಎಂಬ ಹೆಮ್ಮೆ, ಪ್ರಮೋಟರನಿಗೆ ಮುಂದಿನ ವರ್ಷದ ಟಿಕೆಟ್ಟು. ಪಟ್ಟ ಹೊತ್ತವನು 25,000 ಡಾಲರ್ ಠೇವಣಿ ಇಡಬೇಕಿತ್ತು, ಬಿಟ್ಟು ಓಡದಿರಲಿ ಅಂತ. 1963ರ ಜನವರಿಯಲ್ಲಿ ಬಡ್ಡಿ ರಾಜರ್ಸ್‌ನಿಂದ ಪಟ್ಟ ಬಿಡಿಸಲು ಟೊರಾಂಟೋಗೆ ಕಳಿಸಿದ್ದೂ ಥೆಜ್‌ನನ್ನೇ. ನ್ಯೂಯಾರ್ಕಿನವರು ಅದನ್ನು ಒಪ್ಪದೆ ಬೇರೆ ಮನೆ ಮಾಡಿದರು, ರಾಜರ್ಸ್‌ನನ್ನೇ ತಮ್ಮ ಚಾಂಪಿಯನ್ ಅಂದರು, ಮೇ 17ಕ್ಕೆ ಬ್ರೂನೋ ಸಮ್ಮಾರ್ಟಿನೋ ಅವನನ್ನು 48 ಸೆಕೆಂಡಿನಲ್ಲಿ ಮುಗಿಸಿದ. ಆ ಬೇರೆ ಮನೆಯೇ ಮುಂದೆ ನನ್ನ ಮಗ ಟ್ರಂಪ್ ಕಾರ್ಡಿನಲ್ಲಿ ಆಡಿದ ಡಬ್ಲ್ಯೂಡಬ್ಲ್ಯೂಎಫ್. ಮಿನಿಯಾಪೊಲಿಸ್ ಕಡೆಯವರು 1960ರಲ್ಲೇ ಇನ್ನೊಂದು ಪಟ್ಟ ಮಾಡಿಕೊಂಡಿದ್ದರು. ಅಂದರೆ 1968ರಲ್ಲಿ ಅಮೆರಿಕದಲ್ಲೇ ಮೂರು ಜನ ವಿಶ್ವ ಚಾಂಪಿಯನ್ನರು.

“ಹಂಗಾರ ನಮ್ಮಾಂವ ನಾಕನೇದವ” ಅಂದ ಕಾಕಾ. ಬಹಳ ಗಂಭೀರವಾಗಿ.

ಅವನು ನಂಬಿದ್ದನೋ, ನನ್ನನ್ನು ಆಡಿಸುತ್ತಿದ್ದನೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಗರಡಿಯಲ್ಲಿ ಹೊರಳಿದವನಿಗೆ ಹಿಡಿತ ಯಾವುದು ನಿಜ, ಯಾವುದು ಸುಳ್ಳು ಅಂತ ಗ್ಯಾಲರಿಯಿಂದಲೇ ಕಾಣಬೇಕಲ್ಲವೇ? ಆ ದಿನ ಒಮ್ಮೆ ಕೇಳಬೇಕು ಅನ್ನಿಸಿತು. 2004ರ ಹಬ್ಬದ ಮಧ್ಯಾಹ್ನ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಆಮೇಲಿನದ್ದು ಬೇಗ ಹೇಳಿ ಮುಗಿಸುತ್ತೇನೆ. ‘ಇದು ಮನರಂಜನೆ, ಕ್ರೀಡೆ ಅಲ್ಲ’ ಅಂತ ವಿನ್ಸ್ ಮೆಕ್‌ಮಹನ್ ಕಂಪನಿಯವರು 1989ರಲ್ಲೇ ನ್ಯೂಜೆರ್ಸಿಯ ಶಾಸಕರ ಮುಂದೆ ಒಪ್ಪಿಕೊಂಡಿದ್ದರು. ಸತ್ಯದ ಮೇಲಿನ ಪ್ರೀತಿಯಿಂದ ಅಲ್ಲ, ಕ್ರೀಡಾ ಆಯೋಗದ ಶುಲ್ಕ, ಕಟ್ಟುಪಾಡು ತಪ್ಪಿಸಿಕೊಳ್ಳಲು. 1997ರ ನವೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಬ್ರೆಟ್ ಹಾರ್ಟ್‌ಗೆ ಹೇಳದೆ ಗಂಟೆ ಬಾರಿಸಿ ಪಟ್ಟ ಕಿತ್ತುಕೊಂಡರು. ಫಿಲಡೆಲ್ಫಿಯಾದ ಆಟವೇ, ಆದರೆ ಈ ಸಲ ಮೋಸ ಮಾಡಿದ್ದು ಅಂಗಡಿಯ ಮಾಲೀಕ. 2007ರ ಜುಲೈನಲ್ಲಿ ಹಿಮಾಚಲದ ದಲೀಪ್ ಸಿಂಗ್ ರಾಣಾ, ನಮ್ಮ ಗ್ರೇಟ್ ಖಲಿ, ವರ್ಲ್ಡ್ ಹೆವಿವೇಟ್ ಬೆಲ್ಟ್ ಗೆದ್ದ. ಸೆಪ್ಟೆಂಬರ್‌ನಲ್ಲಿ ಬಟಿಸ್ಟಾಗೆ ಸೋತ. ಕಾಕಾನಿಗೆ ಫೋನ್ ಮಾಡಿ ಹೇಳಿದೆ. “ಆಳು ಎತ್ತರ ಅದಾನ. ಆದ್ರ ನಡಿಗಿ ನೋಡು, ಮೊಣಕಾಲು ಹೋಗ್ಯಾವು. ಪಾಪ” ಅಂದ. ಅಷ್ಟೇ.

ದಾರಾ ಸಿಂಗ್ ತೀರಿಕೊಂಡದ್ದು 2012ರ ಜುಲೈ 12, ಮುಂಬೈಯಲ್ಲೇ. ಅಂದು ಕಾಕಾನ ಮನೆಗೆ ಹೋದೆ. ಟಿವಿಯಲ್ಲಿ ಎಲ್ಲ ಚಾನೆಲಿನಲ್ಲೂ ಹನುಮಂತನದೇ ದೃಶ್ಯ. ಕಾಕಾ ಒಂದಾದ ಮೇಲೊಂದು ಚಾನೆಲ್ ತಿರುಗಿಸುತ್ತಿದ್ದ. ಎಲ್ಲಾದರೂ ಕುಸ್ತಿ ತೋರಿಸುತ್ತಾರೋ ಅಂತ. ಕೊನೆಗೆ ಒಂದು ಕಡೆ ಹಳೆಯ ಕಪ್ಪುಬಿಳುಪು ತುಣುಕು ಬಂತು, ಹತ್ತು ಸೆಕೆಂಡು ಇರಬಹುದು. ರಿಮೋಟ್ ಕೆಳಗಿಟ್ಟು, ಕಾಲು ಮಡಚಿ ನೆಟ್ಟಗೆ ಕೂತ. ಆ ತುಣುಕು ಹೋದ ಮೇಲೆ ಟಿವಿ ಆರಿಸಿ ಸ್ನಾನಕ್ಕೆ ಎದ್ದ. ಹತ್ತಿರದವರು ಹೋದಾಗ ಮಾಡುವ ಸ್ನಾನ.

ಕಾಕಾ ಹೋಗಿ ಈಗ ಹತ್ತು ವರ್ಷ ದಾಟಿತು. ದಿನಕರ್ಮ ಮುಗಿದ ಮೇಲೆ ಕಾಕು ಅವನ ಟ್ರಂಕು ತೆಗೆದು ಬೇಕಾದ್ದು ತಗೋ ಅಂದಳು. ಗಿರಣಿಯ ಹಾಜರಿ ಪಾಸು, ಮುಷ್ಕರದ ಕಾಲದ ಯೂನಿಯನ್ ರಸೀದಿಗಳು, ಊರ ಜಾತ್ರೆಯಲ್ಲಿ ಗೆದ್ದ ಆ ರುಮಾಲು. ರುಮಾಲಿನೊಳಗೆ ನಾಲ್ಕು ಮಡಿಕೆಯ ಎರಡು ಹಾಳೆ. ಮಡಿಕೆ ಬಿಟ್ಟಲ್ಲೆಲ್ಲ ಹರಿದು, ಸೆಲೋಟೇಪು ಅಂಟಿಸಿದ್ದ.

ಇಂಗ್ಲಿಷ್ ಹೆಸರುಗಳ ನಡುವೆ ಬಾಲ್‌ಪೆನ್ನಿನಲ್ಲಿ ಅವನ ದಪ್ಪ ಕನ್ನಡ ಅಕ್ಷರ. ಮೊದಲ ಹಾಳೆಯಲ್ಲಿ ಗಾಚ್ ಇರುವ ಸಾಲಿನ ಪಕ್ಕ ‘ಗಾಮಾ, 1910, ಲಂಡನ್’. 1925ರ ಕೆಳಗೆ ‘ಗಾಮಾ, 1928, ಪಟ್ಯಾಲಾ, 1 ಮಿನಿಟು’. ಎರಡನೇ ಹಾಳೆಯಲ್ಲಿ ಕಿನಿಸ್ಕಿಗೂ ಅವನ ನಂತರದ ಡೋರಿ ಫಂಕ್‌ಗೂ ನಡುವೆ ಜಾಗ ಸಾಲದೆ ಒತ್ತಿ ಬರೆದದ್ದು: ‘ದಾರಾಸಿಂಗ, 1968, ಮುಂಬೈ. ನಾ ನೋಡೇನಿ.’

ಮೊಮ್ಮಗ ಈಗ ಆ ಬೆಲ್ಟನ್ನು ಹಾಕಿಕೊಂಡೇ ಮಲಗುತ್ತಿದ್ದಾನೆ. ಹಾಳೆಗಳು ನನ್ನ ಕಪಾಟಿನಲ್ಲಿವೆ.